ಎರಡನೇ ಫೋನು: ಕಾರ್ಬನ್ ನಮ್ಮ ಮನೆಗಳಿಗೆ ಬಂದು ಹೋದ ಕತೆ

ಈಗಿನ ಹುಡುಗರ ಮುಂದೆ ಕಾರ್ಬನ್ ಫೋನು ಅಂದ್ರೆ ಕಿಸಕ್ಕಂತ ನಗ್ತಾರೆ. "ಅದಾ? ಆ ಡಬ್ಬಾ ಸೆಟ್ಟಾ?" ಅಂತಾರೆ. ನಗ್ಲಿ ಬುಡಿ. ಆದ್ರೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಸೀಮೇಲಿ ನಿಮಗೆ ಗೊತ್ತಿರೋ ಒಂದ್ ಹತ್ತು ಮನೆಗೆ ಹೋಗಿ, ಹೆಂಗಸರನ್ನ ಕೂರಿಸ್ಕೊಂಡು, "ನಿಮ್ಮ ಕೈಗೆ ಬಂದ ಮೊದಲನೇ ಸ್ವಂತ ಫೋನು ಯಾವುದು?" ಅಂತ ಕೇಳಿ ನೋಡಿ. ನೋಕಿಯಾ ಅನ್ನೋರು ಇರ್ತಾರೆ, ವಿಚಾರಿಸಿದ್ರೆ ಅದು ಗಂಡನೋ ಮಗನೋ ಬಳಸಿ ಬುಟ್ಟದ್ದು. ಹೊಸಾ ಡಬ್ಬಿ ಒಡೆದು ಕೈಗೆ ಕೊಟ್ಟ ಫೋನು ಯಾವುದು ಅಂದ್ರೆ ಕಾರ್ಬನ್ನು, ಮೈಕ್ರೋಮ್ಯಾಕ್ಸು, ಲಾವಾ, ಸ್ಪೈಸು, ಇಂಥ ಹೆಸರುಗಳೇ ನನ್ನ ಕಿವಿಗೆ ಬಿದ್ದಿರೋದು.

ಈ ಅಗ್ಗದ ಕಂಪ್ನಿಗಳ ಕತೆಯನ್ನ ಎಲ್ರೂ ಅಂಗಡಿ ಬಾಗ್ಲಲ್ಲಿ ನಿಂತು ಹೇಳ್ತಾರೆ. ಎಷ್ಟು ಮಾರಿದ್ರು, ಹೆಂಗೆ ಮೇಲೆ ಬಂದ್ರು, ಚೀನಾದವರು ಬಂದ ಮೇಲೆ ಹೆಂಗೆ ಬಿದ್ರು ಅಂತ. ಮನೆ ಒಳಗೆ ನಿಂತು ನೋಡಿದ್ರೆ ಇನ್ನೊಂದು ಕತೆ ಅದ. ನಮ್ಮ ಮನೆಗಳಿಗೆ ಮೊದಲನೇ ಫೋನು ತಂದದ್ದು ದೊಡ್ಡ ಕಂಪ್ನಿ. ಎರಡನೇ ಫೋನು ತಂದದ್ದು ಇವರು. ಆ ಎರಡನೇದು ಯಾರ ಕೈಗೆ ಹೋಯ್ತು ಅನ್ನೋದೇ ದೊಡ್ಡ ವಿಷ್ಯ. ಕಾರ್ಬನ್ನನ್ನೇ ಆರಿಸ್ಕೊಂಡದ್ದು ಯಾಕಪ್ಪ ಅಂದ್ರೆ, ಅದರ ಒಂದು ಕಾಲು ನಮ್ಮ ಬೆಂಗಳೂರಲ್ಲಿತ್ತು, ಒಂದು ಸೆಟ್ಟು ನಮ್ಮನೆ ದೀಪದ ಗೂಡಲ್ಲಿತ್ತು.

ಮೊದಲನೇದು ಜೇಬಿನ ಫೋನು

ಒಸಿ ಹಿಂದಕ್ಕೆ ಹೋಗಾವ. ಈ ದೇಶದಲ್ಲಿ ಮೊದಲನೇ ಮೊಬೈಲ್ ಕರೆ ಮಾಡಿದ್ದು 1995ರ ಜುಲೈ 31ಕ್ಕೆ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದಿಲ್ಲಿಯ ಮಂತ್ರಿ ಸುಖ್ ರಾಮ್ ಜೊತೆ ಮಾತಾಡಿದ್ರು. ಆಗ ನಾವು ಮಾಡಿದ್ರೂ ದುಡ್ಡು, ಇನ್ನೊಬ್ಬರು ನಮಗೆ ಮಾಡಿದ್ರೂ ದುಡ್ಡು. ನಮ್ಮ ಊರಿಗೆ ಅದು ಮಂತ್ರಿಗಳ ಸಾಮಾನು. ನಮಗಿದ್ದದ್ದು ಬಸ್ ಸ್ಟಾಂಡಿನ ಎಸ್‌ಟಿಡಿ ಬೂತು, ಕೈತುಂಬ ಒಂದ್ ರೂಪಾಯಿ ನಾಣ್ಯ ಹಿಡ್ಕೊಂಡು ನಿಲ್ಲೋ ಕಾಯಿನ್ ಬಾಕ್ಸು.

2003ರಲ್ಲಿ ಬರೋ ಕರೆ ಪುಕ್ಕಟೆ ಆಯ್ತು. ಅದೇ ವರ್ಷ ನೋಕಿಯಾದವರು 1100 ಅನ್ನೋ ಸೆಟ್ಟು ಬುಟ್ರು, ತಲೆ ಮೇಲೆ ಬ್ಯಾಟರಿ ದೀಪ ಇದ್ದದ್ದು. ಧೂಳಿಗೆ ಬೆದರದು, ಬಿದ್ರೆ ಒಡೆಯದು. ಹಳ್ಳಿಗೆ ಮೊಬೈಲು ನಡ್ಕೊಂಡು ಬಂದದ್ದು ಈ ಎರಡು ಕಾಲಿಂದ.

ಆದ್ರೆ ಆ ಮೊದಲನೇ ಫೋನು ಎಲ್ಲಿರ್ತಿತ್ತು? ಮನೆ ಯಜಮಾನನ ಅಂಗಿ ಜೇಬಲ್ಲಿ. ಅವನ ಜೊತೆ ಹೊಲಕ್ಕೆ ಹೋಗ್ತಿತ್ತು, ಬಾಳೆ ಮಂಡಿಗೆ ಹೋಗ್ತಿತ್ತು, ತೆರಕಣಾಂಬಿ ಸಂತೆಗೆ ಹೋಗ್ತಿತ್ತು, ಟೀ ಅಂಗಡೀಲಿ ಕೂರ್ತಿತ್ತು. "ಅವರ ಮನೇಲಿ ಫೋನದ" ಅಂತ ಊರೆಲ್ಲ ಅಂದ್ರೂ, ಹಗಲೊತ್ತಲ್ಲಿ ಆ ಮನೇಲಿ ಫೋನಿರ್ತಾನೆ ಇರ್ಲಿಲ್ಲ. ಮಗಳು ಗಂಡನ ಮನೆಯಿಂದ ಮಾಡಿದ ಕರೆ ಅಪ್ಪನ ಕಿವಿಗೆ ಬೀಳ್ತಿತ್ತು. "ಎಲ್ಲಾ ಚಂದಾಗಿದ್ದೀರಾ? ಸರಿ, ಇಡ್ಲಾ" ಅಂತ ಮುಗೀತಿತ್ತು. ಅವ್ವನ ಕೈಗೆ ಸಿಗಬೇಕಾದ್ರೆ ಕತ್ತಲೆ ಆಗ್ಬೇಕು, ಅವನು ಮನೆಗೆ ಬರ್ಬೇಕು, ಕರೆನ್ಸಿ ಉಳಿದಿರ್ಬೇಕು. ಸಿಕ್ಕಿದ್ರೂ ನಡುಮನೇಲಿ ಎಲ್ಲರೆದುರು ಮಾತಾಡ್ಬೇಕು. ಅತ್ತೆ ಹಿಂಗಂದ್ರು, ಗಂಡ ಹಂಗಂದ ಅಂತ ಮಗಳು ಹೇಳೋದೆಂಗೆ, ತಾಯಿ ಕೇಳೋದೆಂಗೆ?

2009: ಎಲ್ಲಾ ಒಟ್ಟಿಗೇ ಕೂಡಿ ಬಂತು

ಎರಡನೇ ಫೋನಿಗೆ ದಾರಿ ಬುಟ್ಟ ವರ್ಷ 2009. ಆ ವರ್ಷ ಮೂರು ಕೆಲಸ ಒಂದರ ಹಿಂದೆ ಒಂದು ಆದ್ವು.

ಒಂದು, ಜೂನ್ ತಿಂಗಳಲ್ಲಿ ಟಾಟಾ ಡೊಕೊಮೊದವರು ಸೆಕೆಂಡಿಗೆ ಒಂದು ಪೈಸೆ ಅಂತ ಲೆಕ್ಕ ತಂದ್ರು. ಅದುವರೆಗೆ ಒಂದು ಮಾತಾಡಿ ಇಟ್ರೂ ಪೂರಾ ನಿಮಿಷದ ದುಡ್ಡು ಹೋಗ್ತಿತ್ತು. ಉಳಿದ ಕಂಪ್ನಿಗಳೂ ಹಿಂದೇನೇ ಬಂದ್ವು. ಮಾತು ಅಗ್ಗ ಆಯ್ತು.

ಎರಡು, ಅದೇ ಕಾಲಕ್ಕೆ ಸಂತೇಲಿ, ಫುಟ್‌ಪಾತ್‌ನಲ್ಲಿ ಹೆಸರಿಲ್ಲದ ಚೀನಾ ಸೆಟ್ಟುಗಳು ರಾಶಿ ಬಿದ್ದಿದ್ವು. ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ. ಪ್ರತಿ ಫೋನಿಗೂ ಐಎಂಇಐ ಅಂತ 15 ಅಂಕಿಯ ಒಂದು ನಂಬರು ಇರ್ಬೇಕು, ಅದು ಫೋನಿನ ಜಾತಕ ಇದ್ದಂಗೆ. ಎಷ್ಟೋ ಚೀನಾ ಸೆಟ್ಟಿಗೆ ಅದೇ ಇರ್ಲಿಲ್ಲ. ಕಳ್ಳತನವೋ ಬಾಂಬಿನ ಕೇಸೋ ಆದ್ರೆ ಫೋನು ಪತ್ತೆ ಆಗ್ದು ಅಂತ ಸರ್ಕಾರ ಗಟ್ಟಿಯಾಗಿ ನಿಂತು, 2009ರ ಡಿಸೆಂಬರ್ 1ರಿಂದ ಈ ನಂಬರಿಲ್ಲದ ಸೆಟ್ಟಿಗೆ ಕರೆ ಕೊಡ್ಬೇಡಿ ಅಂತ ಕಂಪ್ನಿಗಳಿಗೆ ಆರ್ಡರ್ ಮಾಡ್ತು.

ಮೂರು, ಅದೇ ವರ್ಷ ಕಾರ್ಬನ್ ಹುಟ್ತು. ದಿಲ್ಲಿಯ ಜೈನಾ ಗುಂಪು, ಬೆಂಗಳೂರಿನ ಯುಟಿಎಲ್ ಅಂದ್ರೆ ಯುನೈಟೆಡ್ ಟೆಲಿಲಿಂಕ್ಸ್, ಇಬ್ಬರೂ ಸೇರಿ ಕಟ್ಟಿದ ಕಂಪ್ನಿ ಅದು. ಬೆಂಗಳೂರಿನ ಕಡೆಯಿಂದ ಸುಧೀರ್ ಹಸೀಜಾ ಅಧ್ಯಕ್ಷರು, ದಿಲ್ಲಿ ಕಡೆಯಿಂದ ಪ್ರದೀಪ್ ಜೈನ್ ವ್ಯವಸ್ಥಾಪಕ ನಿರ್ದೇಶಕರು. ಫೋನು ಮಾಡೋದಕ್ಕಿಂತ ಫೋನು ಅಂಗಡಿಗೆ ಮುಟ್ಟಿಸೋದ್ರಲ್ಲಿ ಪಳಗಿದ್ದ ಮನೆಗಳು ಇವು. ಈ ಮಾತು ನೆನಪಲ್ಲಿಟ್ಕೊಳ್ಳಿ, ಅವರ ಬಲವೂ ಅದೇ, ಮುಂದೆ ಕೈ ಕೊಟ್ಟದ್ದೂ ಅದೇ.

ಚೀನಾ ಸೆಟ್ಟಿನ ರುಚಿ ಹತ್ತಿದ್ದ ಜನಕ್ಕೆ ಈಗ ಅಷ್ಟೇ ಅನುಕೂಲದ, ಬಿಲ್ಲಿರೋ, 15 ಅಂಕಿ ಸರಿಯಾಗಿರೋ, ಒಂದು ಹೆಸರಿರೋ ಸೆಟ್ಟು ಬೇಕಾಗಿತ್ತು. ಆ ಖಾಲಿ ಜಾಗಕ್ಕೆ ಇವರೆಲ್ಲ ಬಂದು ಕೂತ್ರು. ಇವರಿಗಿಂತ ಒಂದು ವರ್ಷ ಮುಂಚೆ, 2008ರಲ್ಲಿ, ಮೈಕ್ರೋಮ್ಯಾಕ್ಸ್‌ನವರು ಒಂದ್ಸಲ ಚಾರ್ಜು ಹಾಕಿದ್ರೆ ಒಂದು ತಿಂಗಳು ನಿಲ್ತದ ಅನ್ನೋ ಸೆಟ್ಟು ಬುಟ್ಟು ದಾರಿ ತೋರ್ಸಿದ್ರು.

ರುಬ್ಬಿಟ್ಟ ಹಿಟ್ಟು

ಫೋನು ಮಾಡಕ್ಕೆ ಗೊತ್ತಿಲ್ಲದೋರು ಫೋನು ಕಂಪ್ನಿ ಹೆಂಗೆ ಮಾಡಿದ್ರು? ಅಡುಗೆಮನೆ ಲೆಕ್ಕದಲ್ಲೇ ಹೇಳ್ತೀನಿ ಕೇಳಿ.

ಮುಂಚೆ ದೋಸೆ ಬೇಕು ಅಂದ್ರೆ ಅಕ್ಕಿ ನೆನೆ ಹಾಕ್ಬೇಕು, ಉದ್ದು ನೆನೆ ಹಾಕ್ಬೇಕು, ಒರಳಲ್ಲಿ ರುಬ್ಬಬೇಕು, ರಾತ್ರಿಯೆಲ್ಲ ಹುಳಿ ಬರಿಸ್ಬೇಕು. ಈಗ ಅಂಗಡೀಲಿ ಹಿಟ್ಟಿನ ಪ್ಯಾಕೆಟ್ಟು ಸಿಕ್ತದ, ಕಾವಲಿ ಇದ್ರೆ ಸಾಕು. ಫೋನಿನ ಲೋಕದಲ್ಲಿ ಈ ಹಿಟ್ಟಿನ ಪ್ಯಾಕೆಟ್ಟು ತಂದದ್ದು ತೈವಾನ್ ದೇಶದ ಮೀಡಿಯಾಟೆಕ್. ಕರೆ, ಮೆಸೇಜು, ಹಾಡು, ಕ್ಯಾಮೆರಾ ಎಲ್ಲಾ ಕೆಲಸಾನೂ ಮಾಡೋ ಚಿಪ್ಪು, ಅದನ್ನ ಕೂರಿಸೋ ಹಲಗೆಯ ನಕ್ಷೆ, ಅದರೊಳಗೆ ಓಡೋ ಸಾಫ್ಟ್‌ವೇರು, ಎಲ್ಲಾ ಒಂದೇ ಗಂಟು ಮಾಡಿ ಕೊಟ್ರು. ಚೀನಾದ ಶೆನ್‌ಜೆನ್ ಪಟ್ಟಣದ ಸಣ್ಣ ಸಣ್ಣ ಕಾರ್ಖಾನೆಗಳು ಅದನ್ನ ತಕ್ಕೊಂಡು ಮೇಲಿನ ಚಿಪ್ಪಳೆ, ಗುಂಡಿ, ಬ್ಯಾಟರಿ ಸೇರಿಸಿ ಫೋನು ಹುಯ್ದು ಕೊಡ್ತಿದ್ವು.

ನಮ್ಮ ದೇಶದ ಕಂಪ್ನಿಯೋರು ಅಲ್ಲಿಗೆ ಹೋಗಿ ಸಾಲಾಗಿಟ್ಟ ಮಾದರಿ ನೋಡಿ, "ಇದಕ್ಕೆ ದೊಡ್ಡ ಸ್ಪೀಕರು ಹಾಕು, ಇದಕ್ಕೆ ದಪ್ಪ ಬ್ಯಾಟರಿ ಹಾಕು, ಮೇಲೆ ನಮ್ಮ ಹೆಸರು ಬರಿ" ಅಂತ ಹೇಳಿ ಬರ್ತಿದ್ರು. ಮೀನುಮೇಷ ಎಣಿಸೋ ಅಷ್ಟರಲ್ಲಿ ಮಾಲು ಬಂದು ಇಳೀತಿತ್ತು. ನೋಕಿಯಾಕ್ಕೆ ಚೆನ್ನೈ ಪಕ್ಕದ ಶ್ರೀಪೆರಂಬದೂರಲ್ಲಿ 2006ರಿಂದ ಸ್ವಂತ ಕಾರ್ಖಾನೆ ಇತ್ತು, ನಮ್ಮೂರಿಂದ ಒಂದು ರಾತ್ರಿ ಬಸ್ಸಿನ ದಾರಿ. ಆದ್ರೆ ನಮ್ಮ ಮನೆಯೋರಿಗೆ ಏನು ಬೇಕು ಅನ್ನೋದು ಆ ಕಾರ್ಖಾನೆಗೆ ತಿಳಿಯೋದಕ್ಕೆ ಮುಂಚೆ ಶೆನ್‌ಜೆನ್‌ಗೆ ತಿಳಿದುಬಿಟ್ಟಿತ್ತು. ಯಾಕಂದ್ರೆ ಅಂಗಡಿಯೋನು ಏಜೆಂಟಿಗೆ ಹೇಳ್ತಿದ್ದ, ಏಜೆಂಟು ಕಂಪ್ನಿಗೆ ಹೇಳ್ತಿದ್ದ, ಕಂಪ್ನಿಗೆ ಬೇರೆ ಕೆಲಸವೇ ಇರ್ಲಿಲ್ಲ.

ಎರಡು ಸಿಮ್ಮು, ಮೂರು ರಾಜ್ಯ

ಈ ಕಂಪ್ನಿಗಳು ಕೊಟ್ಟ ದೊಡ್ಡ ವರ ಅಂದ್ರೆ ಒಂದೇ ಫೋನಿಗೆ ಎರಡು ಸಿಮ್ಮು. ಬೇರೆ ಊರೋರಿಗೆ ಅದು ಆಫರ್ ಹುಡುಕೋ ಉಪಾಯ. ನಮಗೆ ಅದು ನೆಂಟಸ್ತನದ ಉಪಾಯ.

ನಮ್ಮ ಜಿಲ್ಲೆ ಕೂತಿರೋ ಜಾಗ ನೋಡಿ. ಗುಂಡ್ಲುಪೇಟೇಲಿ ರಸ್ತೆ ಕವಲೊಡೀತದ. ಒಂದು ಬಂಡೀಪುರದ ಮೇಲೆ ಗೂಡಲೂರು, ಊಟಿಗೆ. ಇನ್ನೊಂದು ಮೂಲೆಹೊಳೆ ದಾಟಿ ಕೇರಳದ ಬತ್ತೇರಿಗೆ. ಚಾಮರಾಜನಗರದ ಮಗ್ಗುಲಿಗೇ ತಾಳವಾಡಿ, ನಕ್ಷೇಲಿ ತಮಿಳುನಾಡು, ಮನೇಲಿ ಕನ್ನಡ. ರಾಜಕುಮಾರ್ ಅವರ ಗಾಜನೂರು ಇರೋದೂ ಅಲ್ಲೇ. ಹೆಣ್ಣು ಕೊಡೋದು ತರೋದು ಈ ಗೆರೆಗಳನ್ನ ನೋಡಿ ಯಾವತ್ತೂ ನಡೆದಿಲ್ಲ. ಶುಂಠಿ ಕೆಲಸಕ್ಕೆ, ಕಾಫಿ ಕೆಲಸಕ್ಕೆ ವಯನಾಡಿಗೆ ಹೋಗೋರು ಗೆರೆ ನೋಡಿ ಹೋದೋರಲ್ಲ.

ಫೋನಿನ ಕಂಪ್ನಿಗಳು ಮಾತ್ರ ಆ ಗೆರೆ ಬಿಡ್ಲಿಲ್ಲ. ಕರ್ನಾಟಕ ಒಂದು ಸರ್ಕಲ್ಲು, ಕೇರಳ ಒಂದು, ತಮಿಳುನಾಡು ಒಂದು. ಗೆರೆ ದಾಟಿದ್ರೆ ರೋಮಿಂಗು, ಕರೆ ಬಂದ್ರೂ ದುಡ್ಡು ಕಡಿತ. ಆಚೆ ಊರಿನ ನಂಬರಿಗೆ ಮಾಡಿದ್ರೆ ಎಸ್‌ಟಿಡಿ ದರ. ಕೂಗಿದ್ರೆ ಕೇಳೋ ದೂರದ ಊರಿಗೆ ಎಸ್‌ಟಿಡಿ! ಅದಕ್ಕೇ ನಮ್ಮ ಜನ ಎರಡು ಸಿಮ್ಮು ಮಡಗಿದ್ರು: ಒಂದು ಈ ಕಡೇದು, ಒಂದು ಆ ಕಡೇದು. ಮುಂಚೆ ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿ ತೆಗೆದು, ಸಿಮ್ಮು ಬದಲಾಯ್ಸಿ, ಉಗುರು ಮುರ್ಕೊಳ್ಳೋ ಕೆಲಸ. ಎರಡು ಸಿಮ್ಮಿನ ಸೆಟ್ಟು ಬಂದ ಮೇಲೆ ಅದೂ ತಪ್ತು.

ನೋಕಿಯಾದವರು ಎರಡು ಸಿಮ್ಮಿನ ಫೋನನ್ನ ನಮ್ಮ ದೇಶಕ್ಕೆ ತಂದದ್ದು 2011ರಲ್ಲಿ. ಅಷ್ಟೊತ್ತಿಗೆ ನಮ್ಮ ಕಡೆ ಕಾರ್ಬನ್ನು, ಮೈಕ್ರೋಮ್ಯಾಕ್ಸು ಮನೆ ಹೊಕ್ಕು ಚಾಪೆ ಹಾಸ್ಕೊಂಡು ಮಲಗಿಯಾಗಿತ್ತು.

ಬ್ಯಾಟರಿ ಮಾತೂ ಹಂಗೇ. ಹಳ್ಳೀಲಿ ಕರೆಂಟು ಅನ್ನೋದು ಪಾಳಿ ಮೇಲೆ ಬರೋ ನೆಂಟ. ಕಾಡಂಚಿನ ಊರಲ್ಲಿ ಟವರು ದೂರ, ಸಿಗ್ನಲ್ಲು ಹುಡುಕೀ ಹುಡುಕೀ ಫೋನೇ ಸುಸ್ತಾಗಿ ಬ್ಯಾಟರಿ ಬೇಗ ಇಳೀತದ. ದಪ್ಪ ಬ್ಯಾಟರಿ ಇದ್ದ ಸೆಟ್ಟು ಚಂದಾಗಿ ಕಾಣ್ದೇ ಇದ್ರೂ ಅದೇ ಬೇಕಿತ್ತು. ಇನ್ನು ಸ್ಪೀಕರು. ಅಂಗಡೀಲಿ ಮೆಮೊರಿ ಕಾರ್ಡಿಗೆ ಮಾದಪ್ಪನ ಪದ, ಮಂಟೇಸ್ವಾಮಿ ಪದ, ಸಿನಿಮಾ ಹಾಡು ತುಂಬ್ಸಿ ತಂದು, ಚೆಂಡು ಹೂ ಬಿಡಿಸೋವಾಗ ಬದದ ಮೇಲೆ ಮಡಗಿದ್ರೆ ಹೊಲದ ಆ ತುದಿಗೂ ಕೇಳ್ಬೇಕು. ರೇಡಿಯೋ, ಟೇಪ್ ರೆಕಾರ್ಡರು, ಬ್ಯಾಟರಿ ದೀಪ, ಅಲಾರಂ ಗಡಿಯಾರ, ಲೆಕ್ಕ ಮಾಡೋ ಮಿಶಿನ್ನು, ಇಷ್ಟೂ ಒಂದರಲ್ಲೇ ಬಂದಾಗ ಅದು ಎರಡು ಸಾವಿರಕ್ಕೆ ಒಂದು ಸಾಮಾನಲ್ಲ, ಐದು ಸಾಮಾನು. ನಮ್ಮ ಜನ "ಅಗ್ಗ ಅಂತ ತಕ್ಕೊಂಡ್ರು" ಅಂತ ಬರೀತಾರಲ್ಲ, ಆ ಮಾತು ಪೂರಾ ಸರಿ ಅಲ್ಲ. ಕೂಡಿಸಿ ಕಳೆದು ನೋಡಿಯೇ ತಕ್ಕೊಂಡದ್ದು.

ಗೂಡಲ್ಲಿ ಉಳಿದ ಫೋನು

ಈಗ ಅಸಲು ಮಾತಿಗೆ ಬರ್ತೀನಿ. ಜೇಬಲ್ಲಿ ಒಂದು ನೋಕಿಯಾ ಇರೋ ಮನೆಗೆ ಇನ್ನೊಂದು ಐದು ಸಾವಿರ ಸುರಿದು ಹೆಂಗಸರಿಗೆ ಫೋನು ತರೋ ಮನಸ್ಸು ಯಾರಿಗೂ ಇರ್ಲಿಲ್ಲ. ಎರಡು ಸಾವಿರದ ಒಳಗೆ ಸಿಗುವಂಗಾದಾಗ ಮಾತ್ರ "ಇರ್ಲಿ ಬುಡು, ಮನೆಗೊಂದು" ಅನ್ನೋ ಮಾತು ಹುಟ್ತು. ಮನೆಗೊಂದು ಅಂದ್ರೆ ಜೇಬಿಗಲ್ಲ, ಗೂಡಿಗೆ. ಗೂಡಲ್ಲಿದ್ದದ್ದು ಯಾರ ಕೈಗೆ ಸಿಕ್ತದ? ಮನೇಲಿರೋರ ಕೈಗೆ.

ನಮ್ಮನೆಗೂ ಹಿಂಗೇ ಬಂತು. ನಮ್ಮ ಭಾವ ಚಾಮರಾಜನಗರದಿಂದ ಕಾರ್ಬನ್ ಬಟನ್ ಸೆಟ್ಟು ತಂದು ನಮ್ಮತ್ತೆ ಮುಂದೆ ಮಡಗಿದ್ರು. ಅತ್ತೆ ಮೊದಲು ಮುಟ್ಲೇ ಇಲ್ಲ. "ಒಲ ಮನ ಬುಟ್ರ ನಾ ಎಲ್ಲಿಗ ವೋದನು? ನಂಗ್ಯಾಕ ಪೋನು? ನೀವ ಮಡಿಕಳಿ" ಅಂದ್ರು. ಭಾವ ಏನೂ ಮಾತಾಡ್ದೆ, ತಾಳವಾಡಿಗೆ ಕೊಟ್ಟಿದ್ದ ನಮ್ಮ ನಾದಿನಿ ನಂಬರು ಒತ್ತಿ ಕಿವಿಗೆ ಹಿಡಿದ್ರು. ಆಮೇಲೆ ಆ ಫೋನು ಗೂಡು ಬುಟ್ಟು ಇಳೀಲಿಲ್ಲ ಅಂದ್ಕೊಬೇಡಿ. ಅತ್ತೆ ಸೆರಗಿನ ಗಂಟಿಗೇ ಸೇರ್ತು.

ಓದು ಬರದ ಅತ್ತೆ ಹೆಂಗೆ ಬಳಸ್ತಿದ್ರು? ಆ ಫೋನಿನ ಪರದೆ ಮೇಲಿದ್ದದ್ದೆಲ್ಲ ಇಂಗ್ಲಿಷು. ಅದಕ್ಕೆ ಗುಂಡಿ ಲೆಕ್ಕ ಮಾಡ್ಕೊಟ್ಟಿದ್ವಿ. 2 ಅದುಮಿ ಹಿಡಿದ್ರೆ ತಾಳವಾಡಿ ಮಗಳು. 3 ಅದುಮಿ ಹಿಡಿದ್ರೆ ಮೈಸೂರಲ್ಲಿರೋ ಮಗ. 4 ತವರುಮನೆ ತಮ್ಮ. ಹಸಿರು ಗುಂಡಿ ಎತ್ತಕ್ಕೆ, ಕೆಂಪು ಗುಂಡಿ ಇಡಕ್ಕೆ. ಮಿಸ್ ಕಾಲಿಗೂ ಒಂದು ಭಾಷೆ ಇತ್ತು: ಒಂದು ಸಲ ಬಡಿದು ನಿಂತ್ರೆ ಕ್ಷೇಮ, ಎರಡು ಸಲ ಆದ್ರೆ ನೀನೇ ಮಾಡು. ಕರೆನ್ಸಿ ಇಲ್ದೇನೂ ಸಂಸಾರದ ಸುದ್ದಿ ನಡೀತಿತ್ತು. ಹಗಲು ಹನ್ನೊಂದು ಗಂಟೆ ಹೊತ್ತಲ್ಲಿ, ಗಂಡಸರೆಲ್ಲ ಹೊರಗೆ ಹೋದ ಮೇಲೆ, ಹಿತ್ತಲ ಕಲ್ಲು ಮೇಲೆ ಕೂತು ತಾಯಿ ಮಗಳು ಮಾತಾಡೋರು. ಒಂದಿನ ಫೋನಿಟ್ಟು ಒಳಗೆ ಬಂದೋರೆ, "ಇನ್ಮೇಲ ನನ್ ಮಗಳ್ ಜೊತ ಮಾತಾಡಕ ಯಾರ್ ಮೊಕಾನೂ ಕಾಯದಿಲ್ಲ ಕನ" ಅಂದ್ರು. ಕಾರ್ಬನ್ ಕಂಪ್ನಿಯೋರು ಇದನ್ನ ಯಾವ ಜಾಹೀರಾತಲ್ಲೂ ಹೇಳಿದ್ದು ನಾನು ನೋಡಿಲ್ಲ. ಅವರು ಕ್ರಿಕೆಟ್ ತೋರಿಸ್ತಿದ್ರು.

ಕ್ಯಾಚಿಗೆ ಅಂಟಿದ ಹೆಸರು

ಕ್ರಿಕೆಟ್ಟಿನ ಮಾತೂ ಸುಮ್ನೆ ಅಲ್ಲ. 2010ರಿಂದ ಐಪಿಎಲ್ ನೋಡಿದೋರಿಗೆ "ಕಾರ್ಬನ್ ಕಮಾಲ್ ಕ್ಯಾಚ್" ಮರ್ತಿರಲ್ಲ. ಯಾರು ಚೆಂದದ ಕ್ಯಾಚ್ ಹಿಡಿದ್ರೂ ಟಿವಿಯೋರು ಈ ಹೆಸರು ಕೂಗೋರು. 2012ರಲ್ಲಿ ಚಾಂಪಿಯನ್ಸ್ ಲೀಗ್ ಟಿ20 ಪಂದ್ಯಾವಳಿಗೇ ಕಾರ್ಬನ್ ಹೆಸರು ಬಂತು, ಮೊದಲು ಅಲ್ಲಿ ನೋಕಿಯಾ ಹೆಸರಿತ್ತು.

ಇದರಿಂದ ನಮ್ಮ ಮನೆಗಳಿಗೆ ಏನಾಯ್ತು? ಮರ್ಯಾದೆ ಆಯ್ತು. ಸಂತೆಯ ಚೀನಾ ಸೆಟ್ಟು ಹಿಡಿದೋರನ್ನ ನಾಲ್ಕು ಜನ ಆಡ್ಕೊತಿದ್ರು. ಟಿವೀಲಿ ಬರೋ ಹೆಸರಿನ ಸೆಟ್ಟು ಹಿಡಿದ್ರೆ ಆಡ್ಕೊಳ್ಳೋಕಾಗಲ್ಲ. ಮದುವೇಲಿ ಅಳಿಯನಿಗೆ ಕೊಡ್ಬಹುದು, ಹಬ್ಬಕ್ಕೆ ಮಗಳಿಗೆ ಕೊಡ್ಬಹುದು. ಬಡವರ ಸಾಮಾನಿಗೂ ಒಂದು ಹೆಸರು ಬೇಕು ಅನ್ನೋದು ಈ ವ್ಯಾಪಾರಸ್ಥರಿಗೆ ಗೊತ್ತಿತ್ತು.

ಆಮೇಲೆ ಉಜ್ಜೋ ಫೋನು ಬಂತು. ಕಾರ್ಬನ್ನಿನ ಕೆ ಸಾಲು ಬಟನ್ನಿಂದು, ಎ ಸಾಲು ಆಂಡ್ರಾಯ್ಡು, 2013ರ ಹೊತ್ತಿಗೆ ಟೈಟಾನಿಯಂ ಅಂತ ದೊಡ್ಡ ಪರದೆಯದು. ಇದೇ ಕಾಲದಲ್ಲಿ ಇನ್ನೊಂದು ಒಳ್ಳೇದಾಯ್ತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರ ಸೇರ್ಕೊಂಡ್ತು. ಅದುವರೆಗೆ ಚೌಕ ಚೌಕ ಕಾಣ್ತಿದ್ದ ಜಾಗದಲ್ಲಿ ನಮ್ಮ ಲಿಪಿ ಬಂತು. 2014ರ ಸೆಪ್ಟೆಂಬರ್ 15ಕ್ಕೆ ಗೂಗಲ್‌ನವರು ಅಗ್ಗದ ಫೋನಿಗೂ ಒಳ್ಳೆ ಸಾಫ್ಟ್‌ವೇರು ಕೊಡ್ತೀವಿ ಅಂತ ಆಂಡ್ರಾಯ್ಡ್ ಒನ್ ಶುರು ಮಾಡಿದಾಗ, ಜಗತ್ತಿನಲ್ಲೇ ಮೊದಲು ಆರಿಸ್ಕೊಂಡ ಮೂರು ಕಂಪ್ನಿಗಳಲ್ಲಿ ಕಾರ್ಬನ್ ಒಂದು. ಸ್ಪಾರ್ಕಲ್ ವಿ ಅಂತ ಅದರ ಹೆಸರು, 6,399 ರೂಪಾಯಿ. ಉಳಿದೆರಡು ಮೈಕ್ರೋಮ್ಯಾಕ್ಸು, ಸ್ಪೈಸು. ಅವತ್ತು ನೋಡಿದೋರಿಗೆ, ಇವರಿನ್ನು ಏರೋದೇ ಅನ್ನಿಸಿತ್ತು.

ಇಳಿದ ಬಗೆ

ಏರ್ಲಿಲ್ಲ. ಅದೇ 2014ರ ಜುಲೈನಲ್ಲಿ ಶಿಯೋಮಿಯವರು ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೂಲಕ ಬಂದಿದ್ರು. ಸೆಪ್ಟೆಂಬರ್‌ನಲ್ಲಿ ರೆಡ್‌ಮಿ 1ಎಸ್ ಬುಟ್ರು, 5,999 ರೂಪಾಯಿ. ಅಂಗಡಿ ಇಲ್ಲ, ಏಜೆಂಟ್ ಇಲ್ಲ, ನಡುವಿನೋರ ಕಮಿಷನ್ ಇಲ್ಲ, ಆ ದುಡ್ಡೆಲ್ಲ ಫೋನಿನೊಳಗೆ. ಕಾರ್ಬನ್ನಿನ ಬಲ ಏನು ಅಂದಿದ್ದೆ? ಅಂಗಡಿಗೆ ಮುಟ್ಟಿಸೋದು. ಅಂಗಡಿಯೇ ಬೇಡ ಅನ್ನೋನು ಬಂದ ಮೇಲೆ ಆ ಬಲಕ್ಕೆ ಬೆಲೆ ಎಲ್ಲಿ? ಅಂಗಡಿ ಬೇಕು ಅನ್ನೋರ ಹತ್ರ ಒಪ್ಪೋ, ವಿವೋ ಬಂದು ಬೋರ್ಡನ್ನೆಲ್ಲ ಹಸಿರು, ನೀಲಿ ಮಾಡಿದ್ರು. ಕಾರ್ಬನ್ನು ಕ್ಯಾಚಿಗೆ ಹೆಸರು ಅಂಟ್ಸಿತ್ತು, 2016ರಲ್ಲಿ ವಿವೋ ಪೂರಾ ಐಪಿಎಲ್‌ಗೇ ಅಂಟ್ಸಿತು. ಹಿಟ್ಟು ರುಬ್ಬೋನೇ ಈಗ ಹೋಟ್ಲು ಇಟ್ಟಿದ್ದ. ಹಿಟ್ಟು ಕೊಂಡು ದೋಸೆ ಹುಯ್ಯೋನು ಅವನೆದುರು ಎಷ್ಟು ದಿನ ನಿಂತಾನು?

ಆದ್ರೆ ನಮ್ಮ ಕಡೆ ಹೊಡೆತ ಕೊಟ್ಟದ್ದು ಅದಕ್ಕಿಂತ ಹೆಚ್ಚಾಗಿ ಜಿಯೋ. 2016ರ ಸೆಪ್ಟೆಂಬರ್ 5ಕ್ಕೆ ಅದು ಶುರುವಾಯ್ತು. ಕರೆ ಪುಕ್ಕಟೆ, ರೋಮಿಂಗ್ ಇಲ್ಲ. ಆದ್ರೆ 4ಜಿ ಸೆಟ್ಟಿಗೆ ಮಾತ್ರ, ಹಳೇ ಬಟನ್ ಸೆಟ್ಟಲ್ಲಿ ಆ ಸಿಮ್ಮು ಹಾಕಿದ್ರೆ ಉಸಿರೆತ್ತದು. ಯೋಚ್ನೆ ಮಾಡಿ: ಎಲ್ಲಿಗೆ ಮಾತಾಡಿದ್ರೂ ಒಂದೇ ದರ ಅಂದ ಮೇಲೆ ಎರಡು ಸಿಮ್ಮು ಯಾಕೆ? ತಾಳವಾಡಿ, ಬತ್ತೇರಿ, ಗುಂಡ್ಲುಪೇಟೆ ಎಲ್ಲಾ ಒಂದೇ ಆಯ್ತು. ಜನರಿಗೆ ಅದು ಒಳ್ಳೇದೇ. ಆದ್ರೆ ಯಾವ ಕಷ್ಟಕ್ಕೆ ಮದ್ದು ಅಂತ ಈ ಫೋನುಗಳು ಬಂದಿದ್ವೋ ಆ ಕಷ್ಟವೇ ಹೋದ ಮೇಲೆ ಮದ್ದು ಮಾರೋನ ಅಂಗಡಿ ಖಾಲಿ.

2017ರ ಜುಲೈನಲ್ಲಿ ಜಿಯೋದವರು 1,500 ರೂಪಾಯಿ ಠೇವಣಿಗೆ ಬಟನ್ನಿನ 4ಜಿ ಫೋನನ್ನೇ ಕೊಡ್ತೀವಿ ಅಂದ್ರು. ಅದಕ್ಕೆ ಉತ್ತರ ಅಂತ ಅಕ್ಟೋಬರ್‌ನಲ್ಲಿ ಏರ್‌ಟೆಲ್ ಜೊತೆ ಸೇರಿ ಕಾರ್ಬನ್ನು ಎ40 ಇಂಡಿಯನ್ ಅಂತ ಉಜ್ಜೋ ಫೋನು ತಂತು. ಲೆಕ್ಕ ಹಿಂಗಿತ್ತು: ಮೊದಲು 2,899 ಕಟ್ಬೇಕು, ತಿಂಗಳಿಗೆ 169ರಂತೆ 36 ತಿಂಗಳು ರೀಚಾರ್ಜ್ ಮಾಡ್ಬೇಕು, 18 ತಿಂಗಳಾದ ಮೇಲೆ 500, 36 ತಿಂಗಳಾದ ಮೇಲೆ 1,000 ವಾಪಸ್ ಬತ್ತದ. ಕೊನೆಗೆ ಫೋನು ಬಿದ್ದದ್ದು 1,399ಕ್ಕೆ ಅಂತ ಜಾಹೀರಾತು. ಚೀಟಿ ಹಾಕಿ ಪಳಗಿದ ನಮ್ಮ ಹೆಂಗಸರಿಗೆ ಈ ಲೆಕ್ಕ ಬಿಡಿಸೋದು ಕಷ್ಟ ಅಲ್ಲ: 169 ಇಂಟು 36, ಆರು ಸಾವಿರದ ಎಂಬತ್ತನಾಲ್ಕು ರೂಪಾಯಿ ಕೈಯಿಂದ ಹೋಗ್ಬೇಕು, ಮೂರು ವರ್ಷ ಒಂದು ತಿಂಗಳೂ ತಪ್ದಂಗೆ. ಕೂಲಿ ಇದ್ದ ತಿಂಗಳು ಉಂಟು, ಇಲ್ಲದ ತಿಂಗಳೂ ಉಂಟು. ಫೋನಿನ ಬೆಲೆ ಫೋನಿನ ಮೇಲೆ ಬರೆದಿರೋ ಕಾಲ ಅಲ್ಲಿಗೆ ಮುಗೀತು. ಬಟನ್ ಸೆಟ್ಟಿನ ಕಡೆ ಐಟೆಲ್ ಬಂದಿತ್ತು, ನೋಕಿಯಾ ಹೆಸರೂ ತಿರುಗಿ ಬಂತು.

ಸೆಟ್ಟು ಹೋಯ್ತು, ನಂಬರು?

ಕಂಪ್ನಿಯ ಕತೆ ಇಷ್ಟೇ. ಮನೆಯ ಕತೆ ಇನ್ನೂ ಮುಗಿದಿಲ್ಲ.

2018ರ ಕೊನೇಲಿ ಫೋನು ಕಂಪ್ನಿಗಳು ಹೊಸ ನಿಯಮ ತಂದ್ವು: ಕನಿಷ್ಠ 35 ರೂಪಾಯಿ ಹಾಕಿಸ್ಬೇಕು, ಅದು 28 ದಿನಕ್ಕೆ, ಇಲ್ಲ ಅಂದ್ರೆ ಕರೆ ಬರೋದೂ ನಿಲ್ತದ. ಹತ್ತು ರೂಪಾಯಿ ಕರೆನ್ಸಿ ಹಾಕ್ಸಿ ತಿಂಗಳುಗಟ್ಲೆ ಮಡಗೋ ಕಾಲ ಹೋಯ್ತು. ಆಮೇಲೆ ಆ 35 ಏರ್ತಾ ಏರ್ತಾ ಹೋಯ್ತು. ಆಗ ಪ್ರತಿ ಮನೇಲೂ ಒಂದು ತೀರ್ಮಾನ ಆಯ್ತು: ಯಾವ ಸಿಮ್ಮು ಉಳಿಸಾವ, ಯಾವುದು ಬುಡಾವ? ಸಂಪಾದನೆ ಮಾಡೋನ ಸಿಮ್ಮು ಉಳೀತು. ಗೂಡಿನ ಸಿಮ್ಮು ಎಷ್ಟೋ ಮನೇಲಿ ಹೋಯ್ತು.

ಹೋದ್ರೆ ಏನಾಯ್ತದ ಅನ್ಬೇಡಿ. 2020ರಲ್ಲಿ ಕೊರೋನಾಕ್ಕೆ ಸ್ಕೂಲು ಮುಚ್ಚಿ ವಿದ್ಯಾಗಮ ಶುರು ಮಾಡಿದಾಗ ಮನೇಲಿ ಎಂಥ ಫೋನದ ಅಂತ ನೋಡಿ ಮಕ್ಕಳನ್ನ ಗುಂಪು ಮಾಡಿದ್ರು: ಇಂಟರ್ನೆಟ್ ಇರೋರು, ಬರೀ ಬಟನ್ ಸೆಟ್ಟಿರೋರು, ಏನೂ ಇಲ್ಲದೋರು. 2023ರಲ್ಲಿ ಗೃಹಲಕ್ಷ್ಮಿ ಬಂತು, ಮನೆ ಯಜಮಾನಿಗೆ ತಿಂಗಳಿಗೆ 2,000. ಆಗಸ್ಟ್ 30ಕ್ಕೆ ಮೈಸೂರಲ್ಲೇ ಶುರು ಮಾಡಿದ್ರು. ಅರ್ಜಿ ಹಾಕೋವಾಗ ರೇಷನ್ ಕಾರ್ಡು, ಆಧಾರು, ಪಾಸ್ ಬುಕ್ಕಿನ ಜೊತೆ ಫೋನ್ ನಂಬರೂ ಬೇಕಾಯ್ತು. ನಂಬರು ಗಂಡನದೋ ಮಗನದೋ ಇದ್ರೆ ದುಡ್ಡು ಬಂದ ಮೆಸೇಜು ಮೊದಲು ಅವರ ಜೇಬಲ್ಲೇ ಕಿಣಿ ಅನ್ನೋದು. ನಮ್ಮತ್ತೆ ನಂಬರು ಇನ್ನೂ ಅದೇ ಕಾರ್ಬನ್ ಕಾಲದ್ದು. ಸೆಟ್ಟು ಮೂರು ಸಲ ಬದಲಾಗದ, ನಂಬರು ಬದಲಾಗಿಲ್ಲ. ಮೆಸೇಜು ಅವರ ಸೆರಗಲ್ಲೇ ಕಿಣಿ ಅಂತದ.

ಅದಕ್ಕೇ ಕೊನೆಗೆ ಎರಡು ಮಾತು. ಬಳಸ್ದೆ ಬುಟ್ಟ ಸಿಮ್ಮನ್ನ 90 ದಿನ ಆದ ಮೇಲೆ ಕಂಪ್ನಿ ಕಡಿದು ಹಾಕ್ಬಹುದು. ಆಮೇಲೆ ಅದೇ ನಂಬರನ್ನ ಇನ್ಯಾರಿಗೋ ಕೊಡ್ತಾರೆ. ಅವ್ವನ ಬ್ಯಾಂಕು, ಆಧಾರು, ಗ್ಯಾಸು ಎಲ್ಲಾ ಆ ನಂಬರಿಗೆ ಅಂಟಿದ್ರೆ, ಓಟಿಪಿ ಗುರ್ತಿಲ್ಲದೋರ ಫೋನಿಗೆ ಹೋಯ್ತದ. ಮನೆ ಖರ್ಚು ಕಡಿಮೆ ಮಾಡೋವಾಗ ಮೊದಲು ಅವ್ವನ ಸಿಮ್ಮಿಗೆ ಕತ್ರಿ ಹಾಕ್ಬೇಡಿ. ಇನ್ನೊಂದು, ಆ ಸಿಮ್ಮು ಯಾರ ಹೆಸರಲ್ಲದ ಅಂತ ನೋಡಿ. ಅವತ್ತು ಅಂಗಡೀಲಿ ನಿಂತು ದಾಖಲೆ ಕೊಟ್ಟೋನು ಅಣ್ಣನೋ ಮಗನೋ ಆಗಿರ್ತಾನೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಯಾರ ಹೆಸರಲ್ಲಿ ಎಷ್ಟು ನಂಬರದ ಅಂತ ನೋಡ್ಬಹುದು. ಬೇರೆಯೋರ ಹೆಸರಲ್ಲಿದ್ರೆ ಕಂಪ್ನಿ ಅಂಗಡಿಗೆ ಇಬ್ಬರೂ ಹೋಗಿ ಅವ್ವನ ಹೆಸರಿಗೆ ಬದಲಾಯ್ಸಿ. ಎರಡು ಸಾವಿರದ ಒಳಗಿನ ಒಂದು ಡಬ್ಬಾ ಸೆಟ್ಟು ಅವರಿಗೆ ಕೊಟ್ಟು ಹೋದ ಆಸ್ತಿ ಅದು, ಪಟ್ಟಾ ಅವರ ಹೆಸರಲ್ಲೇ ಇರ್ಲಿ.